ಕತ್ತಲಲ್ಲಿ ಕಾಯ್ದಿಟ್ಟ ಕಡಲು

1846ರಲ್ಲಿ ಇಂಗ್ಲೆಂಡಿನ ದಕ್ಷಿಣ ತೀರದ ಟಾರ್ಕಿ ಎಂಬ ಊರಿಗೆ ಹೋಗಿದ್ದ ಆ್ಯನಾ ಥಿನ್ ಎಂಬ ಗೃಹಿಣಿ, ಲಂಡನ್ನಿಗೆ ಹಿಂದಿರುಗುವಾಗ ಜೊತೆಯಲ್ಲಿ ಕೆಲವು ಜೀವಂತ ಕಲ್ಲುಹವಳಗಳನ್ನು ತಂದರು. ದಾರಿಯಲ್ಲಿ ಅವು ಒಂದಕ್ಕೊಂದು ಬಡಿದು ಹಾಳಾಗಬಾರದೆಂದು ದೊಡ್ಡ ಸ್ಪಂಜಿಗೆ ಸೂಜಿದಾರದಿಂದ ಹೊಲಿದು, ಕಡಲ ನೀರು ತುಂಬಿದ ಜಾಡಿಯೊಳಗೆ ಇಳಿಬಿಟ್ಟಿದ್ದರು. ಅವರ ಗಂಡ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ದೊಡ್ಡ ಪಾದ್ರಿ. ಅಬೆಯ ಮಗ್ಗುಲಿನ ಆ್ಯಶ್‌ಬರ್ನ್‌ಹ್ಯಾಮ್ ಹೌಸ್ ಅವರ ಮನೆ. ಹವಳಗಳೇನೋ ಜೀವಂತವಾಗಿ ಮನೆ ಸೇರಿದವು. ಆದರೆ ಮನೆಗೂ ಕಡಲಿಗೂ ನಡುವೆ ಹತ್ತಾರು ಮೈಲಿ. ತಂದ ನೀರು ಕೆಟ್ಟರೆ ಹೊಸ ನೀರು ಸುಲಭಕ್ಕೆ ಸಿಗುವಂತಿರಲಿಲ್ಲ.

ಥಿನ್ ಕಂಡುಕೊಂಡ ಉಪಾಯ ಸರಳವಾಗಿತ್ತು. ಇರುವ ನೀರನ್ನೇ ತೆರೆದ ಕಿಟಕಿಯ ಮುಂದೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ, ಮತ್ತೆ ಅದರಿಂದ ಇದಕ್ಕೆ, ಅರ್ಧ ಮುಕ್ಕಾಲು ಗಂಟೆ ಎತ್ತಿ ಸುರಿಯುವುದು. ನಮ್ಮ ಮನೆಗಳಲ್ಲಿ ಕಾಫಿ ಆರಿಸುವ ರೀತಿಯಲ್ಲೇ. ಹಾಗೆ ಗಾಳಿ ಬೆರೆತ ನೀರನ್ನು ಮತ್ತೆ ಹವಳಗಳಿಗೆ ಬಿಡುವುದು. ಈ ಕೆಲಸವನ್ನು ಮಾಡುತ್ತಿದ್ದವಳು ಮನೆಗೆಲಸದ ಒಬ್ಬ ಚಿಕ್ಕ ಹುಡುಗಿ. ಅದು ದಣಿವಿನ ಕೆಲಸವೆಂದು ಥಿನ್ ತಮ್ಮ ಬರಹದಲ್ಲಿ ಒಪ್ಪಿಕೊಂಡಿದ್ದಾರೆ. ಹುಡುಗಿಗೆ ಅದು ಒಂದು ಬಗೆಯ ಆಟವೂ ಆಗಿತ್ತು ಎಂದೂ ಸೇರಿಸಿದ್ದಾರೆ. ಮರುವರ್ಷ ಜಾಡಿಗೆ ಕಡಲಪಾಚಿಯೂ ಸೇರಿತು. ಹವಳಗಳು ವರ್ಷಗಳ ಕಾಲ ಬದುಕಿ ಮರಿ ಹಾಕಿದವು. ಕಡಲಿನಿಂದ ದೂರದ ಊರೊಂದರಲ್ಲಿ ಕಡಲ ಜೀವಿಗಳು ಹೀಗೆ ನೆಲೆನಿಂತದ್ದಕ್ಕೆ ನಮಗೆ ದೊರೆಯುವ ಬಲು ಹಳೆಯ ದಾಖಲೆಗಳಲ್ಲಿ ಇದೊಂದು.

ಉಪ್ಪುನೀರಿನ ಅಕ್ವೇರಿಯಂ ಎಂದರೆ ಕಣ್ಣಿಗೆ ಬೀಳುವುದು ಗಾಜು, ಬೆಳಕು, ಬಣ್ಣದ ಮೀನು. ಅದರ ಚರಿತ್ರೆ ಮಾತ್ರ ಹೆಚ್ಚಾಗಿ ನಡೆದಿರುವುದು ಗಾಜಿನ ಹಿಂದೆ, ಕಾಣದ ಕಡೆ. ಒಳ್ಳೆಯ ನೀರನ್ನು ಒಮ್ಮೆ ಸಂಪಾದಿಸಬಹುದು, ಆದರೆ ಅದು ಒಳ್ಳೆಯದಾಗಿಯೇ ಉಳಿಯುವಂತೆ ನೋಡಿಕೊಳ್ಳುವುದು ಹೇಗೆ? ಜಾಡಿಯಿಂದ ಪೀಪಾಯಿಗೆ, ಪೀಪಾಯಿಯಿಂದ ನೆಲಮಾಳಿಗೆಯ ತೊಟ್ಟಿಗೆ, ಅಲ್ಲಿಂದ ಇಂದಿನ ಪ್ಲಾಸ್ಟಿಕ್ ಡ್ರಮ್ಮಿಗೆ ಬಂದ ಪ್ರಶ್ನೆ ಅದು.

ಸಮತೋಲದ ಕನಸು

ಥಿನ್ ಅವರ ಪ್ರಯೋಗ ಮನೆಯೊಳಗೇ ಉಳಿಯಿತು. ಅದರ ವಿವರ ಅಚ್ಚಾದದ್ದು 1859ರಲ್ಲಿ. ಅಷ್ಟರೊಳಗೆ ಇದೇ ದಾರಿಯನ್ನು ಬೇರೊಂದು ದಿಕ್ಕಿನಿಂದ ಹಿಡಿದವರು ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್. 1850ರಲ್ಲಿ ಅವರು ಕೆಮಿಕಲ್ ಸೊಸೈಟಿಯ ಮುಂದೆ ಒಂದು ಸಿಹಿನೀರಿನ ಪ್ರಯೋಗವನ್ನು ವಿವರಿಸಿದರು. ಗಾಜಿನ ಪಾತ್ರೆಯಲ್ಲಿ ಎರಡು ಮೀನು, ಒಂದು ಜಲಸಸ್ಯ. ಮೀನು ಬಿಟ್ಟ ಇಂಗಾಲಾಮ್ಲವನ್ನು ಗಿಡ ಹೀರಿ ಆಮ್ಲಜನಕ ಕೊಡುತ್ತದೆ. ಆದರೆ ಕೆಲವೇ ದಿನಗಳಲ್ಲಿ ಗಿಡದ ಎಲೆ ಕೊಳೆತು ನೀರು ಕದಡಿತು. ಆಗ ಅವರು ಬಸವನಹುಳುಗಳನ್ನು ಬಿಟ್ಟರು. ಹುಳುಗಳು ಕೊಳೆತದ್ದನ್ನು ತಿಂದವು, ಅವುಗಳ ಮೊಟ್ಟೆ ಮೀನಿಗೆ ಆಹಾರವಾಯಿತು, ನೀರು ತಿಳಿಯಾಯಿತು.

ಮೂರು ಜೀವಿಗಳು ಒಂದನ್ನೊಂದು ಕಾಯುವ ಈ ಏರ್ಪಾಡು ಜನರಿಗೆ ಬಹಳ ಹಿಡಿಸಿತು. ಸರಿಯಾದ ಪ್ರಮಾಣದಲ್ಲಿ ಗಿಡ, ಮೀನು, ಹುಳು ಬಿಟ್ಟರೆ ಸಾಕು, ನೀರು ತನ್ನನ್ನು ತಾನೇ ನೋಡಿಕೊಳ್ಳುತ್ತದೆ ಎಂಬ ನಂಬಿಕೆ ಹರಡಿತು. 1845ರಲ್ಲಿ ಬ್ರಿಟನ್ ಗಾಜಿನ ಮೇಲಿನ ಸುಂಕ ತೆಗೆದುಹಾಕಿದ್ದರಿಂದ ಗಾಜು ಅಗ್ಗವಾಗಿತ್ತು. 1853ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಮೃಗಾಲಯದಲ್ಲಿ ‘ಫಿಶ್ ಹೌಸ್’ ತೆರೆಯಿತು. ಸಾರ್ವಜನಿಕರಿಗೆಂದು ತೆರೆದ ಮೊದಲ ಮತ್ಸ್ಯಾಲಯ ಅದು. ಅದಕ್ಕೆ ಜೀವಿಗಳನ್ನು ಒದಗಿಸಿದವರಲ್ಲಿ ಒಬ್ಬರು ಫಿಲಿಪ್ ಹೆನ್ರಿ ಗಾಸ್. ಮರುವರ್ಷ ಅವರ ‘ದಿ ಅಕ್ವೇರಿಯಂ’ ಪುಸ್ತಕ ಬಂತು. ಆ ಪದ ಮನೆಮಾತಾದದ್ದು ಅಲ್ಲಿಂದ.

ಓಕ್ ಬೇಡ, ಫರ್ ಇರಲಿ

ಪುಸ್ತಕ ಓದಿದವರಿಗೆಲ್ಲ ಮನೆಯಲ್ಲೊಂದು ಪುಟ್ಟ ಕಡಲು ಬೇಕೆನಿಸಿತು. ಆದರೆ ಲಂಡನ್ನಿನಲ್ಲಿ ಕಡಲ ನೀರೆಲ್ಲಿ? ತೀರದಿಂದ ಬರುವ ಹಡಗುಗಳವರಿಗೆ ದುಡ್ಡು ಕೊಟ್ಟು ತರಿಸಬೇಕು. ಮುಂದೆ ರೈಲಿನಲ್ಲೂ ಕಡಲ ನೀರು ಮನೆ ಬಾಗಿಲಿಗೆ ಬರತೊಡಗಿತು. ನೀರು ಹೊರಟಾಗ ಚೆನ್ನಾಗಿಯೇ ಇರುತ್ತಿತ್ತು, ಬಂದು ತಲುಪುವಷ್ಟರಲ್ಲಿ ಕೆಟ್ಟಿರುತ್ತಿತ್ತು. ವೈನ್ ಅಥವಾ ಬೇರೆ ಮದ್ಯ ತುಂಬಿದ್ದ ಪೀಪಾಯಿ ಎಷ್ಟು ತೊಳೆದರೂ ಪ್ರಯೋಜನವಿಲ್ಲ. ಓಕ್ ಮರದ ಪೀಪಾಯಿಯಾದರೆ ಮರದ ಒಗರು, ಅಂದರೆ ಟ್ಯಾನಿನ್, ನೀರಿಗಿಳಿದು ಜೀವಿಗಳನ್ನು ಕೊಲ್ಲುತ್ತದೆ. ಹಾಗಾಗಿ ಪೀಪಾಯಿ ಹೊಸದಾಗಿರಲಿ, ಫರ್ ಮರದ್ದಾಗಿರಲಿ ಎಂದು ಗಾಸ್ ಎಚ್ಚರಿಸಿದರು. ನೀರು ಎಷ್ಟೇ ಶುದ್ಧವಿದ್ದರೂ ಅದನ್ನು ತುಂಬಿಟ್ಟ ಪಾತ್ರೆಯ ಗುಣ ಅದಕ್ಕೆ ಅಂಟುತ್ತದೆ ಎಂಬುದು ಅಕ್ವೇರಿಯಂ ಹವ್ಯಾಸಿಗಳು ಕಲಿತ ಮೊದಲ ಪಾಠ.

ತರಿಸುವ ತಾಪತ್ರಯವೇ ಬೇಡವೆಂದು ಗಾಸ್ ಕೃತಕ ಕಡಲ ನೀರಿನ ಸೂತ್ರವನ್ನೂ ಕೊಟ್ಟರು. ಬ್ರೈಟನ್ ತೀರದ ನೀರಿನ ರಾಸಾಯನಿಕ ವಿಶ್ಲೇಷಣೆಯೊಂದು ಅದಕ್ಕೆ ಆಧಾರ. ಇಂದಿನ ಅಳತೆಯಲ್ಲಿ ಹೇಳುವುದಾದರೆ ಸುಮಾರು ನಾಲ್ಕೂವರೆ ಲೀಟರಿಗೆ ತುಸು ಕಡಿಮೆ ನೀರಿಗೆ 100 ಗ್ರಾಂ ಅಡುಗೆ ಉಪ್ಪು, 7 ಗ್ರಾಂ ಎಪ್ಸಮ್ ಉಪ್ಪು, 13 ಗ್ರಾಂ ಮೆಗ್ನೀಸಿಯಂ ಕ್ಲೋರೈಡ್, ಎರಡೂವರೆ ಗ್ರಾಂನಷ್ಟು ಪೊಟ್ಯಾಸಿಯಂ ಕ್ಲೋರೈಡ್. ಕಲಸಿದ ಕೂಡಲೇ ಜೀವಿಗಳನ್ನು ಬಿಡುವಂತಿಲ್ಲ. ಮೊದಲು ಪಾಚಿ ಬಿಟ್ಟು ಕೆಲವು ದಿನ ಕಾಯಬೇಕು.

ಈ ಸೂತ್ರ ಹೊಸದೊಂದು ಪ್ರಶ್ನೆಯನ್ನು ಎತ್ತಿತು. ಉಪ್ಪು ಬೆರೆಸುವ ಸಿಹಿನೀರು ಎಲ್ಲಿಂದ ಬರಬೇಕು? 1854 ಲಂಡನ್ನಿನಲ್ಲಿ ಕಾಲರಾ ವರ್ಷ. ಬ್ರಾಡ್ ಸ್ಟ್ರೀಟಿನ ಪಂಪಿನಿಂದ ರೋಗ ಹರಡುತ್ತಿದೆ ಎಂದು ವೈದ್ಯ ಜಾನ್ ಸ್ನೋ ತೋರಿಸಿಕೊಟ್ಟದ್ದು ಆಗಲೇ. ಅದಕ್ಕೆ ಎರಡು ವರ್ಷ ಮೊದಲು, 1852ರಲ್ಲಿ, ಪಾರ್ಲಿಮೆಂಟು ರಾಜಧಾನಿಯ ನೀರಿಗಾಗಿ ಒಂದು ಕಾಯಿದೆ ಮಾಡಿತ್ತು. ಮನೆಗಳಿಗೆ ಬಿಡುವ ನೀರನ್ನು ಸೋಸಬೇಕು ಎಂಬುದು ಅದರ ಒಂದು ಅಂಶ. ಸೇಂಟ್ ಪಾಲ್ಸ್ ಚರ್ಚಿನಿಂದ ಐದು ಮೈಲಿಯೊಳಗಿನ ಕಟ್ಟೆಗಳಲ್ಲಿ ಸೋಸಿದ ನೀರನ್ನು ಇಡುವುದಾದರೆ ಅವಕ್ಕೆ ಮುಚ್ಚಳಿಕೆ ಇರಬೇಕು ಎಂಬುದು ಇನ್ನೊಂದು. ಹೊಗೆ, ಮಸಿ, ಸತ್ತ ಹಕ್ಕಿ, ಬಿಸಿಲಿಗೆ ಬೆಳೆಯುವ ಪಾಚಿ ಯಾವುದೂ ಸೋಸಿದ ನೀರಿಗೆ ಮತ್ತೆ ಸೇರಬಾರದು. ಶುದ್ಧ ಮಾಡುವುದು ಅರ್ಧ ಕೆಲಸ, ಮುಚ್ಚಿಡುವುದು ಇನ್ನರ್ಧ ಎಂಬ ತಿಳಿವು ಕಾನೂನಿನ ಭಾಷೆಗೂ ಬಂದಿತ್ತು.

ಇತ್ತ ಮನೆಮನೆಯ ಅಕ್ವೇರಿಯಂಗಳಲ್ಲಿ ಸಮತೋಲದ ಕನಸು ಒಡೆಯತೊಡಗಿತು. ಒಂದು ಜೀವಿ ಕಲ್ಲಿನ ಸಂದಿಯಲ್ಲಿ ಸತ್ತರೆ ಇಡೀ ತೊಟ್ಟಿ ಎರಡು ದಿನದಲ್ಲಿ ನಾರುತ್ತಿತ್ತು. ಕಿಟಕಿಯ ಬಿಸಿಲಿಗೆ ನೀರು ಹಸಿರುಗಟ್ಟುತ್ತಿತ್ತು. ಸತ್ತವುಗಳ ಜಾಗಕ್ಕೆ ಹೊಸವು ಬರುತ್ತಿದ್ದವು, ಅವೂ ಸಾಯುತ್ತಿದ್ದವು. ತೀರದ ಬಂಡೆಗಳ ನಡುವಿನ ಕೊಳಗಳು ಸಂಗ್ರಾಹಕರ ಕೈಗೆ ಸಿಕ್ಕಿ ಬರಿದಾದವು. ಗಾಸ್ ಅವರ ಮಗ ಎಡ್ಮಂಡ್ ಗಾಸ್ 1907ರ ತನ್ನ ‘ಫಾದರ್ ಆ್ಯಂಡ್ ಸನ್’ ಕೃತಿಯಲ್ಲಿ ಇದನ್ನು ನೋವಿನಿಂದ ನೆನೆದಿದ್ದಾರೆ. ತಂದೆ ಪ್ರೀತಿಯಿಂದ ಬರೆದ ಪುಸ್ತಕಗಳೇ ಆ ತೀರಗಳಿಗೆ ಕೇಡು ತಂದವು, ಅದು ತಂದೆಗೂ ಗೊತ್ತಾಗಿ ಬಹಳ ಸಂಕಟಪಟ್ಟರು ಎಂಬುದು ಅವರ ಮಾತಿನ ಸಾರ. ನೀರನ್ನು ಕಾಯಲು ಬಾರದವರ ತಪ್ಪಿಗೆ ಕಡಲು ದಂಡ ತೆತ್ತಿತ್ತು.

ಲಾಯ್ಡ್ ಕಟ್ಟಿದ ಕತ್ತಲು

ಇದಕ್ಕೆ ಬೇರೆಯೇ ಉತ್ತರ ಹುಡುಕಿದವರು ವಿಲಿಯಂ ಆಲ್ಫರ್ಡ್ ಲಾಯ್ಡ್. ಅವರು ವಿಶ್ವವಿದ್ಯಾಲಯದ ವಿಜ್ಞಾನಿಯಲ್ಲ, ಅಂಗಡಿಯವರು. 1850ರ ದಶಕದಲ್ಲಿ ಲಂಡನ್ನಿನಲ್ಲಿ ಅಕ್ವೇರಿಯಂಗೆ ಬೇಕಾದ ಎಲ್ಲವನ್ನೂ ಮಾರುವ ಮಳಿಗೆ ನಡೆಸಿದರು. 1858ರಲ್ಲಿ ಸಚಿತ್ರ ಬೆಲೆಪಟ್ಟಿಯನ್ನೂ ಅಚ್ಚು ಹಾಕಿಸಿದರು. ಹುಚ್ಚು ಇಳಿದಂತೆ ವ್ಯಾಪಾರವೂ ಇಳಿದು ದಿವಾಳಿಯಾದರು. ಆದರೆ ಸಾವಿರಾರು ಜೀವಿಗಳನ್ನು ದಿನವೂ ಕೈಯಲ್ಲಿ ಹಿಡಿದು ನೋಡಿಕೊಂಡ ಅನುಭವ ಅವರಲ್ಲಿ ಉಳಿದಿತ್ತು. ಹಸಿರುಗಟ್ಟಿದ ಕಡಲ ನೀರನ್ನು ಚೆಲ್ಲದೆ ಮುಚ್ಚಿ ಕತ್ತಲಲ್ಲಿ, ತಂಪಿನಲ್ಲಿ ಇಟ್ಟರೆ ಕೆಲ ಕಾಲದಲ್ಲಿ ಅದು ಮತ್ತೆ ತಿಳಿಯಾಗುತ್ತದೆ. ಬೆಳಕಿಲ್ಲದೆ ಪಾಚಿ ಸಾಯುತ್ತದೆ, ಗಸಿ ತಳ ಸೇರುತ್ತದೆ.

ಲಾಯ್ಡ್ ಇದನ್ನೇ ದೊಡ್ಡದಾಗಿ ಕಟ್ಟಿದರು. ಜನ ನೋಡುವ ತೊಟ್ಟಿಗಳಲ್ಲಿ ಸ್ವಲ್ಪ ನೀರು. ಅದರ ಹಲವು ಪಟ್ಟು ನೀರು ನೆಲದಡಿಯ ಕತ್ತಲ ತೊಟ್ಟಿಯಲ್ಲಿ. ಎರಡರ ನಡುವೆ ಹಗಲೂ ರಾತ್ರಿ ಪಂಪು. 1864ರಲ್ಲಿ ಹ್ಯಾಂಬರ್ಗ್ ಮೃಗಾಲಯದ ಮತ್ಸ್ಯಾಲಯದಲ್ಲಿ ಅವರು ಈ ಬಗೆಯ ಏರ್ಪಾಡು ನಡೆಸಿ ತೋರಿಸಿದರು. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಅಕ್ವೇರಿಯಂ ಅವರ ಮೇಲ್ವಿಚಾರಣೆಯಲ್ಲಿ ತೆರೆಯಿತು. ಬ್ರೈಟನ್ ತೀರದಿಂದ ರೈಲಿನಲ್ಲಿ ತಂದ ಕಡಲ ನೀರು ಸುಮಾರು 1,20,000 ಗ್ಯಾಲನ್. ಅದರಲ್ಲಿ ಪ್ರದರ್ಶನದ ತೊಟ್ಟಿಗಳಿಗೆ ಕೇವಲ 20,000. ಮಿಕ್ಕ 1,00,000 ಗ್ಯಾಲನ್, ಎಂದರೆ ನಾಲ್ಕೂವರೆ ಲಕ್ಷ ಲೀಟರ್, ನೆಲದಡಿಯಲ್ಲಿ. ದುಡ್ಡು ಕೊಟ್ಟು ಬಂದವರು ನೋಡುತ್ತಿದ್ದದ್ದು ಆರರಲ್ಲಿ ಒಂದು ಪಾಲು ಮಾತ್ರ.

ಲಾಯ್ಡ್ ಬರೀ ಪ್ರಮಾಣವನ್ನಷ್ಟೇ ನೋಡಲಿಲ್ಲ. ಲೋಹ ಕಡಲ ನೀರಿಗೆ ತಾಗಬಾರದೆಂದು ಪಂಪು ಕೊಳವೆಗಳನ್ನು ಗಡುಸು ರಬ್ಬರಾದ ವಲ್ಕನೈಟಿನಿಂದ ಮಾಡಿಸಿದರು. ನೀರನ್ನು ಬದಲಿಸಬಾರದು, ಆವಿಯಾದಷ್ಟು ಸಿಹಿನೀರು ಮಾತ್ರ ಸೇರಿಸಬೇಕು ಎಂಬುದು ಅವರ ನಿಯಮ. ಹಳೆಯ ನೀರು ಕೆಟ್ಟದ್ದಲ್ಲ, ಚೆನ್ನಾಗಿ ನೋಡಿಕೊಂಡರೆ ಹಳತಾದಷ್ಟೂ ಒಳ್ಳೆಯದು ಎಂದು ಅವರು ನಂಬಿದ್ದರು. ಅದು ಏಕೆ ಹಾಗೆ ಎಂಬುದಕ್ಕೆ ಆಗ ಪೂರ್ತಿ ವಿವರಣೆ ಇರಲಿಲ್ಲ. ಕೊಳೆತ ವಸ್ತುವಿನ ಅಮೋನಿಯಾವನ್ನು ನೈಟ್ರೇಟಾಗಿ ಬದಲಿಸುವುದು ಸೂಕ್ಷ್ಮಜೀವಿಗಳ ಕೆಲಸವೆಂದು ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ತೋರಿಸಿದ್ದು 1877ರಲ್ಲಿ. ಆ ಸೂಕ್ಷ್ಮಜೀವಿಗಳನ್ನು ವಿನೋಗ್ರಾಡ್‌ಸ್ಕಿ ಬೇರ್ಪಡಿಸಿದ್ದು 1890ರ ಸುಮಾರಿಗೆ. ಲಾಯ್ಡ್ ಕಟ್ಟಿದ ಕಲ್ಲುತೊಟ್ಟಿ, ಕೊಳವೆಗಳ ಒಳಮೈಯಲ್ಲಿ ಅವು ಆಗಲೇ ಮನೆ ಮಾಡಿಕೊಂಡು ದುಡಿಯುತ್ತಿದ್ದವು.

ನೇಪಲ್ಸಿನಲ್ಲಿ ಜರ್ಮನ್ ಪ್ರಾಣಿಶಾಸ್ತ್ರಜ್ಞ ಆಂಟನ್ ಡೋರ್ನ್ ಕಡಲ ಸಂಶೋಧನಾ ಕೇಂದ್ರ ಕಟ್ಟುವಾಗ ನೀರಿನ ಏರ್ಪಾಡಿಗೆ ಸಲಹೆ ಪಡೆದದ್ದು ಲಾಯ್ಡ್ ಅವರಿಂದಲೇ. ಅಲ್ಲಿನ ಮತ್ಸ್ಯಾಲಯ 1874ರಲ್ಲಿ ತೆರೆಯಿತು. ಆದರೆ ಎಲ್ಲ ಕಡೆಯೂ ಹಾಗಾಗಲಿಲ್ಲ. 1876ರಲ್ಲಿ ಥಿನ್ ಅವರ ಹಳೆಯ ಮನೆಯ ಹತ್ತಿರವೇ, ವೆಸ್ಟ್‌ಮಿನ್‌ಸ್ಟರ್‌ನಲ್ಲಿ, ‘ರಾಯಲ್ ಅಕ್ವೇರಿಯಂ’ ಎಂಬ ಭಾರೀ ಕಟ್ಟಡ ಎದ್ದಿತು. ದೊಡ್ಡ ದೊಡ್ಡ ತೊಟ್ಟಿಗಳಿದ್ದವು, ಮೀನುಗಳಿರಲಿಲ್ಲ. ಜನ ಗೇಲಿ ಮಾಡಿದರು. ಕೊನೆಗೆ ಅದು ಹಾಡು, ಕುಣಿತ, ಸರ್ಕಸ್ಸಿನ ಮಂದಿರವಾಯಿತು. ಕಣ್ಣಿಗೆ ಕಾಣುವುದಕ್ಕೆ ದುಡ್ಡು ಹಾಕಲು ಜನರಿದ್ದರು. ಕಾಣದ ನೀರಿನ ಹಿಂದೆ ದಿನವೂ ದುಡಿಯುವ ತಾಳ್ಮೆ ಎಲ್ಲರಿಗೂ ಇರಲಿಲ್ಲ. ಲಾಯ್ಡ್ 1880ರಲ್ಲಿ ತೀರಿಕೊಂಡರು.

ರೈಲು ಹತ್ತಿದ ಕಡಲು, ಮರೀನಾದ ಕಡಲು

ಲಾಯ್ಡ್ ಅವರ ವಿಧಾನದ ಬಲ ಚೆನ್ನಾಗಿ ಗೊತ್ತಾದದ್ದು ಅಮೆರಿಕದ ಷಿಕಾಗೋದಲ್ಲಿ. ಸಿಹಿನೀರಿನ ದೊಡ್ಡ ಸರೋವರದ ದಡದಲ್ಲಿರುವ, ಕಡಲಿನಿಂದ ಸಾವಿರ ಕಿಲೋಮೀಟರಿಗೂ ದೂರದ ಊರು ಅದು. 1930ರಲ್ಲಿ ಅಲ್ಲಿ ಶೆಡ್ ಅಕ್ವೇರಿಯಂ ತೆರೆದಾಗ ಫ್ಲಾರಿಡಾದ ತುದಿಯ ಕೀ ವೆಸ್ಟ್‌ನಿಂದ ಕಡಲ ನೀರು ತರಿಸಿದರು. ಇಪ್ಪತ್ತು ಟ್ಯಾಂಕರ್ ಬೋಗಿಗಳು ಎಂಟು ಸಲ ಹೋಗಿ ಬಂದು ಹತ್ತು ಲಕ್ಷ ಗ್ಯಾಲನ್, ಸುಮಾರು 38 ಲಕ್ಷ ಲೀಟರ್ ನೀರು ಸಾಗಿಸಿದವು. ಐದು ವರ್ಷಗಳ ನಂತರ, 1935ರ ಚಂಡಮಾರುತ ಕೀ ವೆಸ್ಟಿನ ಆ ರೈಲುದಾರಿಯನ್ನೇ ಕೊಚ್ಚಿಕೊಂಡು ಹೋಯಿತು. ತಂದಿಟ್ಟ ನೀರನ್ನು ಜೋಪಾನ ಮಾಡುವುದರ ಬೆಲೆ ಅಂಥ ಊರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಭಾರತದ ಮೊದಲ ಮತ್ಸ್ಯಾಲಯ ಕಡಲಿನ ಎದುರಿಗೇ ಇತ್ತು. ಮದರಾಸಿನ ಮರೀನಾ ತೀರದಲ್ಲಿ 1909ರಲ್ಲಿ ಅದು ತೆರೆಯಿತು. ಅದರ ಹಿಂದಿದ್ದವರು ಮದರಾಸು ಮ್ಯೂಸಿಯಮ್ಮಿನ ಮುಖ್ಯಸ್ಥ ಎಡ್ಗರ್ ಥರ್ಸ್ಟನ್. ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಕುರಿತ ಅವರ ಏಳು ಸಂಪುಟಗಳು ಪ್ರಕಟವಾದದ್ದೂ ಅದೇ ವರ್ಷ. ಮುಂದೆ ಅದು ಮೀನುಗಾರಿಕೆ ಇಲಾಖೆಗೆ ಸೇರಿತು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಮುಚ್ಚಿತು. ಮುಂಬಯಿಯ ಮರೀನ್ ಡ್ರೈವಿನಲ್ಲಿ 1951ರಲ್ಲಿ ತಾರಾಪೋರೆವಾಲಾ ಅಕ್ವೇರಿಯಂ ತೆರೆಯಿತು. ಎಂಟು ಲಕ್ಷ ರೂಪಾಯಿ ವೆಚ್ಚದಲ್ಲಿ ಎರಡು ಲಕ್ಷ ಪಾರ್ಸಿ ದಾನಿಯೊಬ್ಬರದು, ಅದಕ್ಕೇ ಆ ಹೆಸರು. ಮುಂಬಯಿಯ ಎಷ್ಟೋ ಕನ್ನಡ ಮನೆಗಳ ಮಕ್ಕಳು ಮೊದಲ ಸಲ ಕಡಲ ಮೀನನ್ನು ಬುಟ್ಟಿಯ ಹೊರಗೆ, ಜೀವಂತವಾಗಿ ಕಂಡದ್ದು ಅಲ್ಲಿ.

ಕಡಲು ಎದುರಿಗೇ ಇದ್ದ ಮಾತ್ರಕ್ಕೆ ಕಷ್ಟ ತಪ್ಪುವುದಿಲ್ಲ. ಮಳೆಗಾಲದಲ್ಲಿ ನದಿಗಳ ಮುಖದಲ್ಲಿ ಕಡಲು ಕೆಂಪಾಗುತ್ತದೆ, ಉಪ್ಪಿನಂಶ ಇಳಿಯುತ್ತದೆ. ಕಾರವಾರದ ಕಾಳಿ, ಮಂಗಳೂರಿನ ನೇತ್ರಾವತಿ ಸೇರುವ ಜಾಗಗಳನ್ನು ಆಷಾಢದಲ್ಲಿ ನೋಡಿದವರಿಗೆ ಇದು ಗೊತ್ತು. ದೊಡ್ಡ ಊರಿನ ಕೊಳಚೆಯೂ ಅದೇ ನೀರಿಗೆ ಬೀಳುತ್ತದೆ. ಒಳ್ಳೆಯ ದಿನ ಎತ್ತಿದ ನೀರನ್ನು ಕೆಟ್ಟ ದಿನಗಳಿಗೆಂದು ಕಾಪಿಡಬೇಕಾದದ್ದು ತೀರದಲ್ಲೂ ತಪ್ಪದ ಕೆಲಸ.

ಏನೂ ಇಲ್ಲದ ನೀರು

ಇಪ್ಪತ್ತನೆಯ ಶತಮಾನ ಈ ಕತೆಯನ್ನು ತಲೆಕೆಳಗು ಮಾಡಿತು. ಕಡಲ ನೀರು ತರುವ ಬದಲು, ನಲ್ಲಿ ನೀರಿನಿಂದ ಎಲ್ಲವನ್ನೂ ತೆಗೆದು ಅದಕ್ಕೆ ಬೇಕಾದ ಉಪ್ಪುಗಳನ್ನಷ್ಟೇ ಸೇರಿಸುವ ದಾರಿ ತೆರೆಯಿತು. 1935ರಲ್ಲಿ ಆ್ಯಡಮ್ಸ್ ಮತ್ತು ಹೋಮ್ಸ್ ಎಂಬ ಇಬ್ಬರು ಬ್ರಿಟಿಷ್ ರಸಾಯನಶಾಸ್ತ್ರಜ್ಞರು ನೀರಿನಲ್ಲಿ ಕರಗಿದ ಲವಣಗಳನ್ನು ಹಿಡಿದುಕೊಳ್ಳುವ ಕೃತಕ ರಾಳವನ್ನು ತಯಾರಿಸಿದರು. 1950ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಜೊತೆಗೂಡಿ, ಭಾರತದಿಂದ ಹೋಗಿದ್ದ ಶ್ರೀನಿವಾಸ ಸೌರಿರಾಜನ್ ಅವರು ನೀರನ್ನು ಬಿಟ್ಟು ಉಪ್ಪನ್ನು ತಡೆಯುವ ತೆಳು ಪೊರೆಯನ್ನು ರೂಪಿಸಿದರು. ಇಂದು ನಮ್ಮ ಅಡುಗೆಮನೆಗಳ ಗೋಡೆಯಲ್ಲಿ ತೂಗುವ ಆರ್‌ಒ ಯಂತ್ರದ ಮೂಲ ಅದೇ. 1960ರ ದಶಕದಲ್ಲೇ ಅಮೆರಿಕದಲ್ಲಿ ಸಿದ್ಧ ಕಡಲ ಉಪ್ಪಿನ ಮಿಶ್ರಣವೂ ಮಾರುಕಟ್ಟೆಗೆ ಬಂತು. ಈಗ ಪುಣೆಯಲ್ಲೋ ಹೈದರಾಬಾದಿನಲ್ಲೋ ದಿಲ್ಲಿಯಲ್ಲೋ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕಡಲು ತಯಾರಾಗುತ್ತದೆ.

ಆದರೆ ಹಳೆಯ ಪ್ರಶ್ನೆ ಹೋಗಲಿಲ್ಲ, ಇನ್ನಷ್ಟು ಸೂಕ್ಷ್ಮವಾಯಿತು. ಆರ್‌ಒ ಪೊರೆ ಮತ್ತು ರಾಳ ಎರಡನ್ನೂ ದಾಟಿ ಬಂದ ನೀರಿನಲ್ಲಿ ಹೆಚ್ಚುಕಡಿಮೆ ಏನೂ ಇರುವುದಿಲ್ಲ. ಕೆಡದಂತೆ ಕಾಯುವ ಕ್ಲೋರಿನ್ ಕೂಡ ಇರುವುದಿಲ್ಲ. 1908ರಲ್ಲಿ ಅಮೆರಿಕದ ಜರ್ಸಿ ಸಿಟಿ ತನ್ನ ಕುಡಿಯುವ ನೀರಿಗೆ ನಿತ್ಯವೂ ಕ್ಲೋರಿನ್ ಬೆರೆಸತೊಡಗಿದ ಮೇಲೆ ಊರೂರಿನ ನೀರಿಗೆ ಕೊಳವೆಯಲ್ಲೂ ತೊಟ್ಟಿಯಲ್ಲೂ ಕಾವಲುಗಾರನಾಗಿ ನಿಂತದ್ದು ಅದು. ಹವಳಕ್ಕೆ ಕ್ಲೋರಿನ್ ವಿಷ, ಹಾಗಾಗಿ ಅದನ್ನು ಮೊದಲೇ ತೆಗೆದಿರುತ್ತಾರೆ. ಕಾವಲಿಲ್ಲದ ನೀರಿಗೆ ಗಾಳಿಯ ಧೂಳಿನಿಂದ, ಕೈಯಿಂದ ಬಂದ ಸೂಕ್ಷ್ಮಜೀವಿಗಳು ಡ್ರಮ್ಮಿನ ಒಳಮೈಗೆ ಲೋಳೆಯಾಗಿ ಅಂಟುತ್ತವೆ. ಬೆಳಕು ಬಿದ್ದರೆ ಪಾಚಿ ಕಟ್ಟುತ್ತದೆ. ಗಾಳಿಯ ಇಂಗಾಲಾಮ್ಲವನ್ನು ಹೀರಿ ಶುದ್ಧ ನೀರಿನ ಪಿಎಚ್ 7ರಿಂದ 5.6ರ ಹತ್ತಿರಕ್ಕೆ ಇಳಿಯುತ್ತದೆ. ಹಾಗೆ ತುಸು ಹುಳಿಯಾದ ನೀರು ಲೋಹವನ್ನು ಸುಲಭವಾಗಿ ಕರಗಿಸಿಕೊಳ್ಳುತ್ತದೆ.

ನಮ್ಮ ಹಿರಿಯರು ಕುಡಿಯುವ ನೀರನ್ನು ತಾಮ್ರದ ಹಂಡೆಯಲ್ಲಿ ತುಂಬಿಟ್ಟರು, ತಾಮ್ರ ನೀರನ್ನು ಕೆಡಿಸದು ಎಂಬ ನಂಬಿಕೆ ಅವರದು. ಸೂಕ್ಷ್ಮಜೀವಿಗಳನ್ನು ಕೊಲ್ಲುವ ಗುಣ ತಾಮ್ರಕ್ಕೆ ನಿಜಕ್ಕೂ ಇದೆ. ಅದೇ ಗುಣ ಹವಳ, ಸಿಗಡಿ, ಕಡಲ ಬಸವನಹುಳುಗಳಿಗೆ ಮೃತ್ಯು. ಒಂದು ಹಿತ್ತಾಳೆ ನಲ್ಲಿ ಸಾಕು, ತಿಂಗಳುಗಟ್ಟಲೆ ಬೆಳೆಸಿದ್ದು ಹೋಗಲು. ಕರಗಿದ ಲವಣವನ್ನು ತೋರುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸುತ್ತಿದ್ದರೂ ಅದು ಲೋಳೆಯನ್ನು ಕಾಣದು, ಪ್ಲಾಸ್ಟಿಕ್ಕಿನಿಂದ ಇಳಿದ ವಾಸನೆಯನ್ನು ಹೇಳದು.

ಆದ್ದರಿಂದ ಇಂದಿನ ಹವ್ಯಾಸಿಗಳು ಒಬ್ಬರಿಗೊಬ್ಬರು ಹೇಳಿಕೊಡುವ ಕ್ರಮದಲ್ಲಿ ಹೊಸತೇನೂ ಇಲ್ಲ. ಆಹಾರ ತುಂಬಲು ಯೋಗ್ಯವಾದ, ಬೇರೇನನ್ನೂ ತುಂಬದ ಡ್ರಮ್ಮು ಆರಿಸಿಕೊಳ್ಳಿ ಎನ್ನುತ್ತಾರೆ. ಅದು ಗಾಸ್ ಅವರ ಹೊಸ ಪೀಪಾಯಿ. ಬೆಳಕು ತೂರದ ಬಣ್ಣವಿರಲಿ, ಮುಚ್ಚಳ ಬಿಗಿಯಿರಲಿ ಎನ್ನುತ್ತಾರೆ. ಅದು 1852ರ ಕಾಯಿದೆ. ಕೊಳವೆ, ನಲ್ಲಿ ಎಲ್ಲ ಪ್ಲಾಸ್ಟಿಕ್ಕಿನದೇ ಆಗಲಿ ಎನ್ನುತ್ತಾರೆ. ಅದು ಲಾಯ್ಡ್ ಅವರ ವಲ್ಕನೈಟ್. ಉಪ್ಪು ಬೆರೆಸಿದ ನೀರನ್ನು ಸುಮ್ಮನೆ ನಿಲ್ಲಗೊಡದೆ ಪಂಪಿನಿಂದ ಆಡಿಸುತ್ತಿರಿ ಎನ್ನುತ್ತಾರೆ. ಅದು ವೆಸ್ಟ್‌ಮಿನ್‌ಸ್ಟರ್‌ನ ಕಿಟಕಿಯ ಬಳಿ ಪಾತ್ರೆ ಹಿಡಿದು ನಿಂತ ಹುಡುಗಿ. ಆಗಾಗ ಡ್ರಮ್ಮು ಬರಿದು ಮಾಡಿ, ವಿನೆಗರ್ ಹಾಕಿ ಉಜ್ಜಿ, ತೊಳೆದು ಒಣಗಿಸಬೇಕು. ಶುದ್ಧ ನೀರನ್ನು ಬೇಕಾದಷ್ಟೇ ಮಾಡಿಕೊಂಡು ಬೇಗ ಬಳಸಿ ಮುಗಿಸಬೇಕು.

ಕ್ರಿಸ್ಟಲ್ ಪ್ಯಾಲೆಸ್ ಅಕ್ವೇರಿಯಂ ಹೆಚ್ಚು ಕಾಲ ಬಾಳಲಿಲ್ಲ. ಗಾಜಿನ ಅರಮನೆಯೂ 1936ರ ಬೆಂಕಿಯಲ್ಲಿ ಬೂದಿಯಾಯಿತು. ಅಕ್ವೇರಿಯಂ ಇದ್ದ ಜಾಗದಲ್ಲಿ 1950ರ ದಶಕದಲ್ಲಿ ಟೆಲಿವಿಷನ್ ಪ್ರಸಾರದ ಎತ್ತರದ ಗೋಪುರ ಎದ್ದಿತು. ಲಂಡನ್ನಿನ ಬಹುಭಾಗಕ್ಕೆ ಕಾಣುವ ಆ ಗೋಪುರದ ಬುಡದಲ್ಲಿ ಒಂದು ಕಾಲಕ್ಕೆ ನಾಲ್ಕೂವರೆ ಲಕ್ಷ ಲೀಟರ್ ಕಡಲು ಕತ್ತಲಲ್ಲಿ ತಣ್ಣಗೆ ಇತ್ತು.

ಲಾಯ್ಡ್ ಅವರ ಹೆಸರು ಅಕ್ವೇರಿಯಂ ಚರಿತ್ರೆಯ ಪುಸ್ತಕಗಳಲ್ಲಿದೆ. ಥಿನ್ ಅವರ ಹೆಸರೂ ತಡವಾಗಿ ಸೇರಿತು. ದಿನವೂ ಮುಕ್ಕಾಲು ಗಂಟೆ ನೀರನ್ನು ಎತ್ತಿ ಸುರಿದು, ಹವಳಗಳನ್ನು ಬದುಕಿಸಿದ ಹುಡುಗಿಯ ಹೆಸರನ್ನು ಮಾತ್ರ ಯಾರೂ ಬರೆದಿಡಲಿಲ್ಲ.